ಆಣಿಯವನ ಹಗಲು

ನಮ್ಮ ಊರಲ್ಲಿ ಒಂದು ಹಗಲಿಗೆ ಒಬ್ಬರಿಗೇ ಮದ್ದು.

ಮದ್ದು ಕೊಡುವಾಕೆ ಒಬ್ಬಳೇ. ಅವಳ ಮನೆ ಊರ ನಡುವೆ. ಮನೆಯ ಮುಂದೆ ಜಗಲಿ, ಜಗಲಿಯ ಮುಂದೆ ಅಂಗಳ. ಅಂಗಳವನ್ನು ಸೀಳಿದ ಹಾಗೆ ಒಂದು ಗೋಡೆ. ಒಂದೇ ಹಗಲಿಗೆ ಇಬ್ಬರು ಬಂದರೆ ಗೋಡೆಯ ಈಚೆಗೊಬ್ಬರು, ಆಚೆಗೊಬ್ಬರು ಕೂರಬೇಕು. ಇಬ್ಬರ ಮುಂದೆಯೂ ಮಣೆ. ಮಣೆಯ ಮೇಲೆ ಚದುರಂಗದ ಕಾಯಿ. ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ಗೆದ್ದವರು ಮದ್ದಿನ ಮನೆಯೊಳಗೆ ಹೋಗಿ ಹಿತ್ತಲ ಬಾಗಿಲಿಂದ ಹೊರಗೆ ಹೋಗುತ್ತಾರೆ. ಸೋತವರು ಬೇಕಾದರೆ ಜಗಲಿಯಲ್ಲಿ ಕೂತಿರಬಹುದು.

ಗೋಡೆಯ ಮೇಲೆ ಒಬ್ಬಳು ಅಜ್ಜಿ. ಗೋಡೆಯಜ್ಜಿ ಅನ್ನುತ್ತೇವೆ. ಈಚೆಯವರು ಕಾಯಿ ನಡೆಸಿದರೆ ಆಚೆಗೆ ಕೂಗುತ್ತಾಳೆ. ಆಚೆಯವರು ನಡೆಸಿದರೆ ಈಚೆಗೆ ಕೂಗುತ್ತಾಳೆ. ಅವಳ ಮುಂದೆ ನೀರು ತುಂಬಿದ ಕೊಪ್ಪರಿಗೆ, ಎರಡು ತಾಮ್ರದ ಬಟ್ಟಲು. ಬಟ್ಟಲಿನ ತಳದಲ್ಲಿ ಸೂಜಿ ತೂರುವಷ್ಟು ತೂತು. ಯಾರ ಸರದಿಯೋ ಅವರ ಬಟ್ಟಲನ್ನು ನೀರಿಗೆ ಬಿಡುತ್ತಾಳೆ. ನಡೆ ಆದ ಕೂಡಲೇ ಎತ್ತಿ, ತೂತು ಮುಚ್ಚುವ ಹಾಗೆ ಮೇಣದ ಉಂಡೆಯ ಮೇಲೆ ಕೂರಿಸುತ್ತಾಳೆ. ಒಳಗೆ ಬಂದ ನೀರು ಒಳಗೇ. ಯೋಚಿಸಿದಷ್ಟೂ ತುಂಬುತ್ತದೆ.

ಕಾಲು, ಅನ್ನುತ್ತಾಳೆ. ಅರ್ಧ, ಅನ್ನುತ್ತಾಳೆ. ಮುಕ್ಕಾಲು. ಕಂಠ.

ಆಮೇಲೆ ಗುಳುಂ ಅಂತ ಸದ್ದು. ಅಷ್ಟೇ. ಮಣೆ ಏನೇ ಹೇಳಲಿ, ಬಟ್ಟಲು ಮುಳುಗಿದವರು ಸೋತರು.

ಇದು ಊರಿನ ಕಟ್ಟಳೆ. ಕಟ್ಟಳೆಯ ಪಕ್ಕದಲ್ಲಿ ಒಂದು ಮರ್ಯಾದೆಯೂ ಇತ್ತು. ಎದುರಿನವರು ಚೆನ್ನಾಗಿ ಆಡುತ್ತಿದ್ದಾರೆ, ನೀರು ಮಾತ್ರ ಕಂಠಕ್ಕೆ ಬಂದಿದೆ ಅಂದರೆ, ನೀವು ಈ ಕಡೆಯಿಂದ ‘ಚೆಲ್ಲಜ್ಜಿ’ ಅನ್ನಬಹುದು. ಆಗ ಅಜ್ಜಿ ಅವರ ಬಟ್ಟಲಿನಿಂದ ಒಂದು ಬೊಗಸೆ ನೀರು ಚೆಲ್ಲುತ್ತಾಳೆ. ಅನ್ನಲೇಬೇಕು ಅಂತ ಇಲ್ಲ. ಅನ್ನದಿದ್ದರೆ ಯಾರೂ ಕೇಳುವುದಿಲ್ಲ.

ಇನ್ನೊಂದು. ಗೆದ್ದವನದು ಇಡೀ ಹಗಲು. ಮದ್ದು ಬೇಗ ಮುಗಿದರೂ ಅವನದೇ. ಅವನು ‘ನನ್ನದಾಯಿತು’ ಅಂದರೆ ಮಾತ್ರ ಸೋತವರಿಗೆ ಬಾಗಿಲು ತೆರೆಯುತ್ತದೆ.

ನಾನು ಹಗ್ಗ ಹೊಸೆಯುವವನು. ನಿಧಾನಸ್ಥ. ನಮ್ಮ ಕೆಲಸವೇ ಹಾಗೆ, ಹಿಂದೆ ಹಿಂದೆ ನಡೆಯುತ್ತ ಹೊಸೆಯಬೇಕು. ಓದಿದವನಲ್ಲ. ಚದುರಂಗ ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಗೊತ್ತಿತ್ತು. ತವರಿಂದ ಕಲಿತು ಬಂದಿದ್ದಳು. ಒಲೆಯ ಪಕ್ಕ ಇದ್ದಿಲಲ್ಲಿ ಮನೆ ಗೀಚಿಕೊಂಡು ಒಬ್ಬಳೇ ಎರಡೂ ಕಡೆ ಆಡುತ್ತಿದ್ದಳು.

‘ಬನ್ನಿ ಕೂತ್ಕೊಳ್ಳಿ, ಕಲಿಸ್ತೀನಿ,’ ಅನ್ನುವಳು.

‘ನನ್ನ ತಲೆಗೆಲ್ಲಿ ಹತ್ತುತ್ತೆ, ಬಿಡು ಇವಳೇ,’ ಅನ್ನುವೆ.

‘ಹತ್ತೋದು ಬೇಡ, ಕೂತ್ಕೊಳ್ಳಿ ಸಾಕು,’ ಅನ್ನುವಳು.

ನಾನು ಕೂರಲಿಲ್ಲ. ಹಗ್ಗ ಇತ್ತು.

ಅವಳಿಗೆ ಎದೆಯ ಬೇನೆ ಬಂತು. ಉಸಿರು ಎಳೆದರೆ ಕಮ್ಮಾರನ ಹರಿದ ತಿದಿಯ ಸದ್ದು. ಬೆನ್ನಿಗೆ ಹಾಕಿಕೊಂಡು ಮದ್ದಿನ ಮನೆಗೆ ಹೋದೆ. ಗೋಡೆಯಾಚೆ ಯಾರೋ ಬಂದಿದ್ದರು. ಅವಳು ನಕ್ಕಳು. ‘ಹೆದರಬೇಡಿ. ಇದೊಂದು ನನಗೆ ಬರುತ್ತೆ,’ ಅಂದಳು.

ಅವಳ ಬೆನ್ನಿಗೆ ಆನಿಕೆಯಾಗಿ ಕೂತೆ. ಅಜ್ಜಿ ಕೂಗುತ್ತಿದ್ದಳು. ಕುದುರೆ, ಒಂಟೆ, ಆನೆ. ನನಗೆ ಅದು ಸಂತೆಯ ಕೂಗಿನ ಹಾಗೆ. ಒಂದೂ ಕಿವಿಯಲ್ಲಿ ನಿಲ್ಲಲಿಲ್ಲ. ನೀರಿನ ಕೂಗು ಮಾತ್ರ ಕೇಳಿಸಿಕೊಂಡೆ. ಅವನಿಗೆ ಮುಕ್ಕಾಲು. ಇವಳಿಗೆ ಅರ್ಧ. ಅವನಿಗೆ ಕಂಠ.

‘ಚೆಲ್ಲಜ್ಜಿ,’ ಅಂದಳು ನನ್ನ ಹೆಂಡತಿ.

ನಾನು ಭುಜ ಹಿಡಿದೆ. ‘ಯಾಕೆ?’

‘ಪಾಪ, ಒಳ್ಳೆ ಆಟ ಕಟ್ಟಿದಾನೆ. ನೋಡಬೇಕು,’ ಅಂದಳು.

ಆಚೆಯ ನೀರು ಚೆಲ್ಲಿದ ಸದ್ದು ಕೇಳಿದೆ. ಆಟ ಮುಂದೆ ಹೋಯಿತು. ಇವಳಿಗೆ ಕೆಮ್ಮು ಬಂತು. ಕೆಮ್ಮುವಾಗ ಕೈ ಕಾಯಿಗೆ ಹೋಗುವುದಿಲ್ಲ. ಬಟ್ಟಲು ಕೆಮ್ಮನ್ನು ಲೆಕ್ಕಿಸುವುದಿಲ್ಲ. ಮುಕ್ಕಾಲು, ಅಂದಳು ಅಜ್ಜಿ. ಕಂಠ, ಅಂದಳು. ಅಂದು, ಗೋಡೆಯ ಆಚೆಗೆ ನೋಡಿ ಕಾದಳು. ನಾನೂ ಗೋಡೆ ನೋಡಿದೆ. ನನ್ನ ಹೆಂಡತಿಯೂ ನೋಡಿದಳು.

ಆಚೆಯಿಂದ ‘ಚೆಲ್ಲಜ್ಜಿ’ ಬರಲಿಲ್ಲ.

ಗುಳುಂ.

ಅಜ್ಜಿ ಇಳಿದು ಬಂದು ಮಣೆ ನೋಡಿದಳು. ‘ಆಟ ನಿನ್ನದಿತ್ತಲ್ಲ ಮಗಳೇ,’ ಅಂದಳು. ಆದರೆ ಕಟ್ಟಳೆ ಅವಳ ಕೈಯಲ್ಲೂ ಇರಲಿಲ್ಲ.

ನಾವು ಜಗಲಿಯಲ್ಲಿ ಕೂತೆವು. ‘ಬೇಗ ಮುಗಿಸಿ ಬಿಟ್ಟುಕೊಡ್ತಾನೆ ಇರಿ,’ ಅಂದಳು ಇವಳು. ಮದ್ದಿನಾಕೆಯ ಆಳು ನೀರಿಗೆ ಬಂದಾಗ ಕೇಳಿದೆ. ‘ಒಳಗಿರೋನಿಗೆ ಏನು ಕಾಯಿಲೆ?’

‘ಕಾಲಲ್ಲಿ ಆಣಿ,’ ಅಂದಳು ಆಳು. ‘ಕೊರೆದಾಯ್ತು. ಕಟ್ಟೂ ಕಟ್ಟಾಯ್ತು. ಕಲ್ಲು ತಂಪಾಗಿದೆ ಅಂತ ಮಲಗಿದಾನೆ.’

ಒಳಗಿಂದ ಗೊರಕೆ ಕೇಳುತ್ತಿತ್ತು. ಮಧ್ಯಾಹ್ನವೂ ಗೊರಕೆ. ಇಳಿಹೊತ್ತಿಗೂ ಗೊರಕೆ. ನಾನು ಬಾಗಿಲು ಬಡಿದೆ. ಹಗಲು ಅವನದು, ಬಡಿಯಬಾರದು ಅಂದರು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಗುವ ಹೊತ್ತಿಗೆ ನನ್ನ ಹೆಂಡತಿ ನನ್ನ ತೊಡೆಯ ಮೇಲೆ ಹೋಗಿಬಿಟ್ಟಳು. ಗೊರಕೆ ಇನ್ನೂ ಇತ್ತು.

ಒಂದು ಆಣಿ.

ಹದಿನೈದು ದಿನ ಹಗ್ಗ ಹೊಸೆಯಲಿಲ್ಲ. ಹದಿನಾರನೆಯ ದಿನ ಗೋಡೆಯಜ್ಜಿಯ ಹತ್ತಿರ ಹೋದೆ.

‘ಆಣಿಯವನು ಮತ್ತೆ ಬರ್ತಾನಾ ಅಜ್ಜಿ?’

‘ಆಣಿಗೆ ಬೇರು ಉಳಿಯುತ್ತೆ ಕಣಪ್ಪ. ವರ್ಷಕ್ಕೊಮ್ಮೆ ಬಂದೇ ಬರ್ತಾನೆ.’

‘ನಾನು ಅವನ ಎದುರು ಕೂರಬೇಕು.’

‘ಕಾಯಿಲೆ ಇಲ್ಲದವನನ್ನ ಕೂರಿಸೋ ಹಾಗಿಲ್ಲ.’

ಆಗ ಅಂಗಳದಿಂದ ಒಂದು ಕಲ್ಲು ಆರಿಸಿದೆ. ಕಡಲೆಕಾಳಿನಷ್ಟು. ಬಲಗಾಲಿನ ಮೆಟ್ಟಿನೊಳಗೆ ಇಟ್ಟೆ. ಅದರ ಮೇಲೆ ನಡೆದೆ. ಹಗ್ಗ ಹೊಸೆಯುತ್ತ ಹಿಂದೆ ಹಿಂದೆ ನಡೆದೆ. ಒಂದೊಂದು ಹೆಜ್ಜೆಗೂ ಅಂಗಾಲಿಗೆ ಚುಚ್ಚುತ್ತಿತ್ತು. ಒಂದೊಂದು ಚುಚ್ಚಿಗೂ ಗೊರಕೆ ನೆನೆದೆ. ಮಳೆ ಹೋಯಿತು, ಚಳಿ ಹೋಯಿತು. ಚರ್ಮ ದಪ್ಪವಾಯಿತು. ಅದರ ನಡುವೆ ಒಂದು ಕಣ್ಣು ಎದ್ದಿತು. ಜನ ಬೆಳೆ ಬೆಳೆಯುತ್ತಾರೆ. ನಾನು ಆಣಿ ಬೆಳೆದೆ.

ಅಜ್ಜಿ ಕಾಯಿಗಳ ನಡಿಗೆ ಹೇಳಿಕೊಟ್ಟಳು. ಕುದುರೆ ಹೀಗೆ, ಒಂಟೆ ಹೀಗೆ. ಆಟ ಹೇಳಿಕೊಡುತ್ತೇನೆ ಅಂದಳು. ಆಟ ಬೇಡ ಅಂದೆ. ಆಟ ಕಲಿಯಲು ನನಗೆ ಏಳು ಜನ್ಮ ಬೇಕು. ನಾನು ಒಂದೇ ಕಲಿತೆ. ಯೋಚಿಸದಿರುವುದು. ಒಲೆಯ ಪಕ್ಕ ಅವಳು ಗೀಚಿದ ಮನೆಗಳ ಮೇಲೆ ರಾಜನನ್ನು ಇಟ್ಟೆ. ಮೂಲೆಗೆ ಒಂದು ಮನೆ. ಅಲ್ಲಿಂದ ಹಿಂದಕ್ಕೆ ಒಂದು ಮನೆ. ಮೂಲೆಗೆ. ಹಿಂದಕ್ಕೆ. ಕಣ್ಣು ಮುಚ್ಚಿ ಮಾಡಿದೆ. ಉಸಿರು ಬಿಡುವ ಮೊದಲೇ ಕೈ ಹೋಗಿ ಬರಬೇಕು. ಇದ್ದಿಲ ಗೆರೆ ಅಳಿಸಿಹೋಯಿತು. ಮತ್ತೆ ಗೀಚಲಿಲ್ಲ. ಕೈಗೆ ಗೊತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಗೋಡೆಯ ಈಚೆ ಕೂತೆ. ಆಚೆ ಬಂದವರ ದನಿ ಕೇಳುವೆ. ಹೆಂಗಸರ ದನಿ, ಮುದುಕರ ದನಿ. ಆಣಿಯವನಲ್ಲ ಅಂತ ಅಜ್ಜಿ ಮೇಲಿಂದ ತಲೆಯಾಡಿಸಿದರೆ ಎದ್ದುಬಿಡುವೆ. ‘ಹಗಲು ನಿಮ್ಮದೇ ಇಟ್ಟುಕೊಳ್ಳಿ,’ ಅನ್ನುವೆ. ಹನ್ನೊಂದು ದಿನ ಹೀಗೆ ಮಾಡಿದೆ. ಊರಲ್ಲಿ ಮಾತಾಯಿತು. ಹಗ್ಗದವನದು ದೊಡ್ಡ ಮನಸ್ಸು, ಹೆಂಡತಿ ಹೋದ ಮೇಲೆ ಋಷಿಯಾಗಿಬಿಟ್ಟ ಅಂದರು. ಒಬ್ಬಾಕೆ ಮನೆಗೆ ಬಂದು ಕಾಲಿಗೆ ಬಿದ್ದಳು. ಮೆಟ್ಟಿನ ಹತ್ತಿರ ಅವಳ ಹಣೆ ಬಂದಾಗ ಕಾಲು ಹಿಂದೆಳೆದುಕೊಂಡೆ.

ಹನ್ನೆರಡನೆಯ ದಿನ ಆಚೆಯಿಂದ ಮೊದಲು ಕೆಮ್ಮು ಬಂತು. ಹರಿದ ತಿದಿಯ ಸದ್ದು. ಆ ಸದ್ದು ನನಗೆ ಗೊತ್ತು. ಒಂದು ಚಣ ನನ್ನ ಹೆಂಡತಿಯೇ ಆಚೆ ಕೂತಿದ್ದಾಳೆ ಅನ್ನಿಸಿತು. ಆಮೇಲೆ ಒಬ್ಬ ಹೆಂಗಸಿನ ದನಿ.

‘ಅಪ್ಪ, ಹೋದ ವರ್ಷ ಆಣಿಗೆ ಬಂದಾಗ ಎಷ್ಟು ಗಟ್ಟಿಯಾಗಿದ್ರಿ. ಈಗ ನೋಡಿ.’

‘ಗೆದ್ದು ತೋರಿಸ್ತೀನಿ ಸುಮ್ಮನಿರೇ,’ ಅಂತ ಗಂಡಸಿನ ದನಿ.

ಆಣಿಯವನು. ಅವನ ಮಗಳು. ಅವನಿಗೆ ಎದೆಯ ಬೇನೆ.

ಅಜ್ಜಿ ಮೇಲಿಂದ ನನ್ನನ್ನು ನೋಡಿದಳು. ಏಳುತ್ತೀಯಾ ಅಂತ ಕಣ್ಣಲ್ಲೇ ಕೇಳಿದಳು. ನಾನು ಕಾಯಿ ಜೋಡಿಸಿದೆ.

ಆಟ ಶುರುವಾಯಿತು. ಅವನು ನಡೆಸಿದ. ನಾನು ನಡೆಸಿದೆ. ಅವನು ಯೋಚಿಸಿದ. ನಾನು ಯೋಚಿಸಲಿಲ್ಲ. ನನ್ನ ಕುದುರೆ ಹೋಯಿತು. ಒಂಟೆ ಹೋಯಿತು. ಮಂತ್ರಿ ಹೋದ.

ಆಚೆಯವನು ನಕ್ಕ. ‘ಅಜ್ಜಿ, ಆ ಕಡೆ ಮನುಷ್ಯ ಇದಾನೋ, ಕೋತಿ ಕೂರಿಸಿದೀಯೋ?’

‘ಆಡಪ್ಪ, ಆಡು,’ ಅಂದಳು ಅಜ್ಜಿ. ‘ನಿನಗೆ ಅರ್ಧ. ಕೋತಿಗೆ ಇನ್ನೂ ಕಾಲೂ ಆಗಿಲ್ಲ.’

ಅವನು ನಗು ನಿಲ್ಲಿಸಿದ. ಆಮೇಲೆ ಕೆಮ್ಮು. ಕೆಮ್ಮುವಾಗ ಕೈ ಕಾಯಿಗೆ ಹೋಗುವುದಿಲ್ಲ. ನನಗೆ ಉಳಿದದ್ದು ರಾಜ ಮತ್ತು ಎರಡು ಕಾಲಾಳು. ಮೂಲೆಗೆ. ಹಿಂದಕ್ಕೆ. ಮೂಲೆಗೆ. ಅಜ್ಜಿ ನನ್ನ ಬಟ್ಟಲನ್ನು ನೀರಿಗೆ ಮುಟ್ಟಿಸುವುದರೊಳಗೆ ಎತ್ತಬೇಕಾಗುತ್ತಿತ್ತು. ಅವನಿಗೆ ಮುಕ್ಕಾಲು. ಇನ್ನು ನಾಲ್ಕು ನಡೆ ಸಾಕಿತ್ತು ಅವನಿಗೆ. ನನಗೂ ಕಾಣುತ್ತಿತ್ತು. ಅವನ ಆನೆ ಎರಡೂ ನನ್ನ ರಾಜನ ಬಾಗಿಲಿಗೆ ಬಂದಿದ್ದವು. ಮೂರನೆಯ ನಡೆಗೆ ಕೆಮ್ಮು ಹತ್ತಿತು. ಬಿಡಲಿಲ್ಲ.

ಕಂಠ, ಅಂದಳು ಅಜ್ಜಿ. ಗೋಡೆಯ ಈಚೆಗೆ ನೋಡಿ ಕಾದಳು.

‘ಅಣ್ಣಾ, ಆ ಕಡೆಯಣ್ಣಾ,’ ಅಂತ ಮಗಳು ಕೂಗಿದಳು. ಹಾಗೆ ಕೂಗಬಾರದು. ಕೂಗಿದಳು. ‘ಒಂದು ಬೊಗಸೆ ಚೆಲ್ಲಿಸಣ್ಣಾ. ಆಟ ನೋಡು, ಆಟ ಅಪ್ಪಂದು. ನಿನಗೇನು ಬೇನೆ, ಹೇಳು. ಅಪ್ಪಂದು ಎದೆ.’

ಒಂದು ವರ್ಷ ಕಾದ ಮಾತು ಅದು. ನಿಧಾನವಾಗಿ ಹೇಳಿದೆ.

‘ನನಗೆ ಆಣಿ, ತಂಗಿ. ಕಾಲಲ್ಲಿ ಆಣಿ.’

ಗುಳುಂ.

ಒಳಗೆ ಮದ್ದಿನಾಕೆ ನನ್ನ ಕಾಲನ್ನು ಮಡಿಲಿಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ‘ಇದು ತಾನಾಗಿ ಬಂದ ಆಣಿ ಅಲ್ಲ,’ ಅಂದಳು. ಸಣ್ಣ ಚಾಕುವಿಂದ ಕೊರೆದಳು. ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. ಬಿಸಿಲು ಇನ್ನೂ ಎಳೆಯದು.

‘ಆಯ್ತಾ?’ ಅಂದಳು.

ಹೊರಗೆ ಜಗಲಿಯಲ್ಲಿ ಕೆಮ್ಮು.

‘ಬೆನ್ನು ನೋಯುತ್ತೆ,’ ಅಂದೆ.

ಬೆನ್ನು ಉಜ್ಜಿದಳು. ‘ಆಯ್ತಾ?’ ಹಲ್ಲು ನೋಡಿ ಅಂದೆ. ನೋಡಿದಳು. ಲವಂಗ ಇಟ್ಟಳು. ಮೊಣಕಾಲು ಅಂದೆ. ಕಿವಿ ಅಂದೆ. ಹಗ್ಗ ಹೊಸೆದು ಅಂಗೈ ಬಿರಿದಿದೆ ಅಂದೆ. ಒಂದೊಂದಕ್ಕೂ ಅವಳು ಅವಸರವಿಲ್ಲದೆ ಮದ್ದು ಮಾಡಿದಳು. ಅವಳ ಕೆಲಸ ಅದು. ಒಂದೊಂದು ಮದ್ದಿನ ನಡುವೆಯೂ ನಾನು ಹೊರಗಿನ ಕೆಮ್ಮಿಗೆ ಕಿವಿ ಕೊಟ್ಟೆ. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಹಸಿದವನಿಗೆ ಅನ್ನ ಬೇಯುವ ಸದ್ದಿನ ಹಾಗೆ ಚೆನ್ನಾಗಿತ್ತು. ಗೊರಕೆ ಹೊಡೆಯಬೇಕು ಅಂತ ಕಲ್ಲಿನ ಮೇಲೆ ಮಲಗಿ ನೋಡಿದೆ. ನಿದ್ದೆ ಬರಲಿಲ್ಲ. ಬಾಯಲ್ಲೇ ಗೊರ್ ಅಂದೆ. ಮದ್ದಿನಾಕೆ ಮುಖ ತಿರುಗಿಸಿಕೊಂಡಳು.

ಮಧ್ಯಾಹ್ನ ದಾಟಿತು. ಜಗಲಿಯಲ್ಲಿ ಮಾತು ಕೇಳಿತು. ಕಾಯಿಗಳ ಸದ್ದೂ ಕೇಳಿತು. ಅವನು ಮಣೆಯನ್ನು ಜಗಲಿಗೆ ತರಿಸಿಕೊಂಡಿದ್ದ.

‘ಸಾಯೋ ಹೊತ್ತಲ್ಲೂ ನಿಮಗೆ ಆಟ,’ ಅಂದಳು ಮಗಳು. ‘ಆ ಕೋತಿ ಜೊತೆ ಆಡಿದ್ದು ಸಾಲದಾ?’

‘ಇವತ್ತಿಂದು ಆಟ ಏನೇ? ಹೋದ ವರ್ಷ ಇದೇ ಗೋಡೆ ಆಚೆ ಒಬ್ಬಾಕೆ ಕೂತಿದ್ಳು. ಅದು ಆಟ. ಕಾಯಿ ಇಡು, ಹೇಳ್ತೀನಿ.’

‘ಯಾರಾಕೆ?’

‘ಯಾರಿಗೆ ಗೊತ್ತು. ಗೋಡೆಯಾಚೆ ಇರೋರು ಯಾರೋ. ದನಿ ಸಣ್ಣದು. ಇಡು, ಮೊದಲು ಮಂತ್ರಿ ಮುಂದಿನ ಕಾಲಾಳು.’

ನಾನು ಎದ್ದು ಕೂತೆ.

ಅವನು ಒಂದೊಂದೇ ನಡೆ ಹೇಳಿದ. ‘ಆಕೆ ಹೀಗೆ, ನಾನು ಹೀಗೆ.’ ಉಸಿರಿಗೊಂದು ನಡೆ. ಮಗಳು ಕಾಯಿ ಇಡುತ್ತಿದ್ದಳು. ಸಂತೆಯ ಕೂಗಾಗಿ ನನ್ನ ಕಿವಿ ಸವರಿ ಹೋಗಿದ್ದವೆಲ್ಲ ಸಾಲಾಗಿ ತಿರುಗಿ ಬಂದವು. ಕುದುರೆ ಇಲ್ಲಿಗೆ. ಒಂಟೆ ಅಲ್ಲಿಗೆ. ಈಗ ನನಗೆ ಕಾಯಿಗಳ ನಡಿಗೆ ಗೊತ್ತಿತ್ತು. ಅವಳ ಕೈ ಹೋಗಿ ಬರುವುದು ಕಾಣುತ್ತಿತ್ತು.

‘ಇಲ್ಲಿ ನೋಡೇ. ನನ್ನ ಮಂತ್ರೀನ ಕಟ್ಟಿಹಾಕೋದು ಬಿಟ್ಟು ಕುದುರೆ ಹಿಂದಕ್ಕೆ ತಂದ್ಳು. ತಪ್ಪು ಅಂದ್ಕೊಂಡೆ. ಆರು ನಡೆ ಆದ ಮೇಲೆ ಗೊತ್ತಾಯ್ತು. ಅಷ್ಟರಲ್ಲಿ ನನಗೆ ಕಂಠ. ಆಕೆ ಚೆಲ್ಲಿಸಿದ್ಳು.’

‘ಚೆಲ್ಲಿಸಿದಳಾ? ಆಮೇಲೆ ಆಕೆಗೆ ಕಂಠ ಬಂದಾಗ ನೀವು?’

ಕಾಯಿ ಇಡುವ ಸದ್ದು ನಿಂತಿತು.

‘ಬಾಯಿ ತೆರೆದಿದ್ದೆ,’ ಅಂದ. ‘ಗೆದ್ದೆ ಅನ್ನೋದು ಮೊದಲು ಬಂತು. ಬಂದ ಮೇಲೆ ಬೇರೆ ಮಾತು ಬರಲಿಲ್ಲ. ಅವತ್ತು ಒಳಗೆ ಮಲಗಿ ಕಣ್ಣು ಮುಚ್ಚಿ ಆಕೆಯ ಆಟಾನೇ ಮತ್ತೆ ಆಡ್ತಿದ್ದೆ. ನಿದ್ದೆ ಬಂದ್ಬಿಡ್ತು. ಇರಲಿ. ಇಡು. ಹತ್ತೊಂಬತ್ತನೇ ನಡೆ ನಂದು. ಆನೆ ಕೊಟ್ಟೆ. ತಗೊಂಡರೆ ಆಕೆ ಸತ್ತಳು. ತಗೊಳ್ಳದಿದ್ದರೂ ಸತ್ತಳು. ಆಗ ಆಕೆ ಏನು ಮಾಡಿದ್ಳು ಗೊತ್ತಾ? ನೀನಲ್ಲ, ಊರಲ್ಲಿ ಯಾರೂ ಊಹೆ ಮಾಡೋಕಾಗಲ್ಲ. ಆಕೆ—’

ಕೆಮ್ಮು ಬಂತು.

ನಾನು ಕಾದೆ. ಕೆಮ್ಮು ನಿಲ್ಲಲಿಲ್ಲ. ಬೆಳಗ್ಗೆಯಿಂದ ಉಂಡ ಸದ್ದು ಅದು. ಈಗ ಅದು ನನ್ನ ಹೆಂಡತಿಯ ಕೈಗೂ ಕಾಯಿಗೂ ನಡುವೆ ಬಂದು ನಿಂತಿತ್ತು. ನಿಲ್ಲಲಿ ಅಂದುಕೊಂಡೆ. ನಿಲ್ಲಲಿಲ್ಲ.

‘ಅಪ್ಪ. ಅಪ್ಪ, ಸಾಕು. ಮಾತಾಡಬೇಡಿ. ಅಪ್ಪ, ರಕ್ತ.’

‘ಇನ್ನೇನು ಬೇನೆ ಉಳಿದಿದೆ?’ ಅಂದಳು ಮದ್ದಿನಾಕೆ.

‘ನನ್ನದಾಯಿತು,’ ಅಂದೆ.

ಹಿತ್ತಲ ಬಾಗಿಲಿಗೆ ಹೋಗಲಿಲ್ಲ. ಮುಂದಿನ ಬಾಗಿಲು ತೆಗೆದು ಜಗಲಿಗೆ ಬಂದೆ. ಗೆದ್ದವರು ಆ ಬಾಗಿಲಿಂದ ಬಂದದ್ದಿಲ್ಲ. ಗೋಡೆಯ ಮೇಲೆ ಅಜ್ಜಿ ಎದ್ದು ನಿಂತಳು. ಆಣಿಯವನನ್ನು ಮೊದಲ ಸಲ ನೋಡಿದೆ. ಒಂದು ವರ್ಷದಿಂದ ಅವನಿಗೆ ದಪ್ಪ ಕುತ್ತಿಗೆ, ಕೆಂಪು ಕಣ್ಣು ಕೊಟ್ಟಿದ್ದೆ. ಅವನು ಸಣಕಲ. ಗಡ್ಡಕ್ಕೆ ರಕ್ತ ಅಂಟಿತ್ತು.

ಮಗಳು ನನ್ನ ಕಾಲಿನ ಬಟ್ಟೆ ನೋಡಿದಳು. ‘ಆಣಿ ವಾಸಿಯಾಯ್ತಾ, ಮಹಾರಾಯ?’

‘ಒಳಗೆ ಹೋಗಿ. ಹೊತ್ತು ಮುಳುಗೋಕೆ ಇನ್ನೂ ಎರಡು ಮಾರು ಬಿಸಿಲಿದೆ.’

ಅವಳು ಅಪ್ಪನ ಕಂಕುಳಿಗೆ ಕೈ ಹಾಕಿದಳು. ಇನ್ನೊಂದು ಕಂಕುಳಿಗೆ ನಾನು ಹಾಕಿದೆ. ಹಗ್ಗದಷ್ಟೂ ಭಾರವಿಲ್ಲ. ಅವನು ನನ್ನ ಕೈ ಹಿಡಿದು, ‘ದೊಡ್ಡ ಮನಸ್ಸಪ್ಪಾ ನಿನ್ನದು,’ ಅಂದ.

‘ಮನಸ್ಸು ದೊಡ್ಡದಲ್ಲ,’ ಅಂದೆ. ‘ಆ ಸಣ್ಣ ದನಿಯಾಕೆ ನನ್ನ ಹೆಂಡತಿ. ನೀನು ಒಳಗೆ ಮಲಗಿದ್ದಾಗ ಇದೇ ಜಗಲಿ ಮೇಲೆ ಸತ್ತಳು.’

ಅವನ ಕೈ ಸಡಿಲವಾಯಿತು. ನಾನು ಬಿಡಲಿಲ್ಲ.

‘ನಿನ್ನನ್ನ ಬಿಟ್ಟೆ ಅಂತ ತಿಳಿಯಬೇಡ. ಇವತ್ತು ಸಾಯಬೇಡ. ಅವಳು ಆಡಿದ್ದು ನಿನ್ನ ಹತ್ತಿರ ಮಾತ್ರ ಇದೆ. ಕೊನೇ ನಡೆವರೆಗೂ ಹೇಳಬೇಕು. ಹೇಳಿ ಮುಗಿಸು. ಆಮೇಲೆ ನಿನಗೂ ನನಗೂ ಏನಿದೆಯೋ ನೋಡೋಣ.’

ಅವನು ಏನೋ ಹೇಳಲು ನೋಡಿದ. ಉಸಿರು ಸಾಲಲಿಲ್ಲ. ಮಣೆಯ ಕಡೆ ಕೈ ತೋರಿಸಿದ. ಒಂದು ಕಾಯಿಯ ಕಡೆ ಅಲ್ಲ, ಇಡೀ ಮಣೆಯ ಕಡೆ. ಮದ್ದಿನಾಕೆ ಅವನನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕಿದಳು.

ಉಳಿಯುತ್ತಾನೋ ಇಲ್ಲವೋ ಗೊತ್ತಿಲ್ಲ. ಒಳಗೆ ಕುಟ್ಟಾಣಿಯ ಸದ್ದು.

ನಾನು ಜಗಲಿಯಲ್ಲಿ ಮಣೆಯ ಮುಂದೆ ಕೂತೆ. ಅವನ ಆನೆ ನನ್ನ ಹೆಂಡತಿಯ ಸಾಲಿನೊಳಗೆ ನುಗ್ಗಿ ನಿಂತಿತ್ತು. ತೆಗೆದುಕೊಂಡರೂ ಸಾವು, ಬಿಟ್ಟರೂ ಸಾವು. ಅವಳು ಮೂರನೆಯದೊಂದು ಕಂಡಿದ್ದಳು. ನಡೆ ಅವಳದು. ನಾನು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಮಣೆ ನೋಡುತ್ತಾ ಕೂತೆ.